ವಡೆಯಾದ ಮೊಟ್ಟೆ, ಮೂರನೇ ಸೀಳು

ಪ್ರಥಮ ಪಿಯುಸಿ ಓದುತ್ತಿರುವ ಹುಡುಗಿಯೊಬ್ಬಳು ಪತ್ರ ಬರೆದಿದ್ದಾಳೆ: ‘ಕೋಶ ವಿಭಜನೆಯಲ್ಲಿ ವರ್ಣತಂತುಗಳು ಎರಡು ಪಾಲಾಗುವುದರ ಬಗ್ಗೆ ಪುಸ್ತಕದಲ್ಲಿ ಪುಟಗಟ್ಟಲೆ ಇದೆ. ಕೊನೆಗೆ ಕೋಶವೇ ಎರಡಾಗುತ್ತದಲ್ಲ, ಅದಕ್ಕೆ ಒಂದೇ ಸಾಲು. ಎಲ್ಲಿ ತುಂಡಾಗಬೇಕು ಅಂತ ಅದಕ್ಕೆ ಯಾರು ಹೇಳುತ್ತಾರೆ?’

ಭೇಷ್! ಇಂಥ ಪ್ರಶ್ನೆಗೆ ಪರೀಕ್ಷೆಯಲ್ಲಿ ಅಂಕವಿಲ್ಲ ಎನ್ನುವುದೇ ಬೇಸರದ ಸಂಗತಿ.

ಕತ್ತರಿಸುವ ಸಲಕರಣೆಯ ವಿಷಯ ಸರಳ. ಪ್ರಾಣಿಕೋಶದ ಪೊರೆಯ ಒಳಮೈಗೆ ಒತ್ತಿಕೊಂಡು, ನಡುವಿನ ಸುತ್ತ, ಆಕ್ಟಿನ್ ಮತ್ತು ಮಯೋಸಿನ್ ಎಂಬ ಪ್ರೋಟೀನುಗಳ ಉಂಗುರ ಮೂಡುತ್ತದೆ. ನಮ್ಮ ಸ್ನಾಯುಗಳನ್ನು ಸಂಕುಚಿಸುವುದೂ ಇದೇ ಜೋಡಿ. ಉಂಗುರ ಬಿಗಿಯಾದಂತೆ ಕೋಶದ ಸೊಂಟ ಸಣ್ಣದಾಗುತ್ತದೆ. 1977ರಲ್ಲಿ ಜಪಾನಿನ ಮಬುಚಿ ಮತ್ತು ಒಕುನೊ ನಕ್ಷತ್ರಮೀನಿನ ಮೊಟ್ಟೆಯೊಳಕ್ಕೆ ಮಯೋಸಿನ್ನನ್ನು ಕಟ್ಟಿಹಾಕುವ ಪ್ರತಿಕಾಯ ಚುಚ್ಚಿದರು. ಕೋಶಕೇಂದ್ರಗಳು ವಿಭಜಿಸುತ್ತಲೇ ಹೋದವು, ಮೊಟ್ಟೆ ಮಾತ್ರ ಇಡಿಯಾಗಿಯೇ ಉಳಿಯಿತು. ವರ್ಣತಂತು ಹಂಚುವುದು ಒಂದು ಕೆಲಸ, ಕೋಶ ಬೇರ್ಪಡಿಸುವುದು ಇನ್ನೊಂದು ಕೆಲಸ ಎನ್ನಲು ಇದಕ್ಕಿಂತ ಸಾಕ್ಷಿ ಬೇಕೆ?

ಇನ್ನು ಹುಡುಗಿಯ ಪ್ರಶ್ನೆ. ಉಂಗುರ ಇಲ್ಲೇ ಮೂಡಲಿ ಎಂಬ ಅಪ್ಪಣೆ ಎಲ್ಲಿಂದ ಬರುತ್ತದೆ? ನನಗೆ ಗೊತ್ತಿರುವ ಅತಿ ಸೊಗಸಾದ ಪ್ರಯೋಗಗಳಲ್ಲೊಂದು ಇದರ ಬೆನ್ನುಹತ್ತಿದ್ದು 1961ರಲ್ಲಿ. ಮಾಡಿದವರು ಅಮೆರಿಕದ ರೇ ರಾಪಪೋರ್ಟ್. ಬಳಸಿದ್ದು ಸ್ಯಾಂಡ್ ಡಾಲರ್ ಎಂಬ ಬಿಲ್ಲೆಯಾಕಾರದ ಕಡಲಜೀವಿಯ ಫಲಿತ ಮೊಟ್ಟೆ. ಕಾಲು ಮಿಲಿಮೀಟರೂ ಇಲ್ಲದ ಅದರ ನಟ್ಟನಡುವೆ ಅವರು ಪುಟ್ಟ ಗಾಜಿನ ಗುಂಡನ್ನಿಟ್ಟು, ತಳದ ಗಾಜಿಗೆ ತಾಗುವಷ್ಟು ಒತ್ತಿದರು. ಮೊಟ್ಟೆ ಸಾಯಲಿಲ್ಲ. ಉದ್ದಿನ ವಡೆಯ ಆಕಾರ ತಾಳಿ ಬದುಕಿತು!

ಈಗ ಕೋಶಕೇಂದ್ರವಿದ್ದದ್ದು ತೂತಿನ ಒಂದು ಪಕ್ಕದಲ್ಲಿ. ಅದು ಎರಡಾಯಿತು, ಸೀಳೂ ಅಲ್ಲೇ ಬಿತ್ತು. ಎದುರು ಪಕ್ಕಕ್ಕೆ ಸೀಳು ಹೋಗಲೇ ಇಲ್ಲ. ಹೀಗಾಗಿ ಇಂಗ್ಲಿಷಿನ ‘ಸಿ’ ಅಕ್ಷರದಂತೆ ಬಾಗಿದ, ಎರಡು ತೋಳಿಗೊಂದೊಂದು ಕೇಂದ್ರವಿರುವ ಒಂದೇ ಕೋಶ ಉಳಿಯಿತು. ಮುಂದಿನ ಸುತ್ತಿನಲ್ಲಿ ಎರಡು ತೋಳಿನಲ್ಲೂ ವರ್ಣತಂತುಗಳನ್ನು ಎಳೆಯುವ ಸ್ಪಿಂಡಲ್ ಕಟ್ಟಿಕೊಂಡಿತು. ಎರಡು ಸ್ಪಿಂಡಲ್ ಎಂದರೆ ಎರಡು ಸೀಳು, ಮೂರು ಕೋಶ. ಲೆಕ್ಕ ಹಾಗೆ. ಆದರೆ ಬಿದ್ದದ್ದು ಮೂರು ಸೀಳು! ಮೂರನೆಯದು ‘ಸಿ’ಯ ಬೆನ್ನಿನಲ್ಲಿ, ಎರಡು ಸ್ಪಿಂಡಲುಗಳ ನಡುವಿನ ಜಾಗದಲ್ಲಿ. ಅಲ್ಲಿ ಸ್ಪಿಂಡಲ್ ಇಲ್ಲ, ಒಂದು ವರ್ಣತಂತುವೂ ಇಲ್ಲ. ಇದ್ದದ್ದು ಸ್ಪಿಂಡಲ್ ತುದಿಗಳಿಂದ ಸುತ್ತಲೂ ಚಾಚುವ ಸೂಕ್ಷ್ಮನಾಳಿಕೆಗಳು ಮಾತ್ರ. ಆ ಕಡೆಯವು ಈ ಕಡೆಯವು ಎದುರುಬದುರಾದಲ್ಲಿ ಕೋಶ ಸೀಳಿಕೊಂಡಿತು. ಕೊನೆಗೆ ನಾಲ್ಕು ಕೋಶ, ತಲಾ ಒಂದು ಕೇಂದ್ರ.

ಅಂದರೆ ಸೀಳುವ ಜಾಗ ಗೊತ್ತುಮಾಡಲು ವರ್ಣತಂತು ಅಲ್ಲಿರಲೇಬೇಕೆಂದಿಲ್ಲ. ಸ್ಪಿಂಡಲಿನ ನಡುಭಾಗವೂ ಸಂದೇಶ ಕಳಿಸುತ್ತದೆ, ಅದು ತಲುಪಿದಲ್ಲಿ ರೋ-ಎ ಎಂಬ ಪ್ರೋಟೀನು ಚುರುಕಾಗಿ ಉಂಗುರ ಕಟ್ಟಿಸುತ್ತದೆ ಎಂಬುದೆಲ್ಲ ಆಮೇಲೆ ತಿಳಿಯಿತು. ಹಣೆಬರಹ ನಂಬುವುದನ್ನು ಬಿಟ್ಟವರು ಕೂಡ ಇತ್ತೀಚೆಗೆ ‘ಎಲ್ಲ ಡಿಎನ್‌ಎಯಲ್ಲೇ ಬರೆದಿದೆ’ ಎಂದು ಅದೇ ಹಳೇ ಮಾತಿಗೆ ಹೊಸ ಅಂಗಿ ತೊಡಿಸುತ್ತಾರೆ. ಪ್ರೋಟೀನುಗಳ ಪಾಕವಿಧಾನ ಡಿಎನ್‌ಎಯಲ್ಲಿದೆ, ನಿಜ. ಆದರೆ ಈ ಗಳಿಗೆಯಲ್ಲಿ, ಈ ಆಕಾರದ ಕೋಶದಲ್ಲಿ ಸೀಳು ಎಲ್ಲಿ ಬೀಳಬೇಕೆನ್ನುವುದು ಅದರಲ್ಲಿ ಬರೆದಿಲ್ಲ. ಯಾವುದರ ಪಕ್ಕ ಯಾವುದಿದೆ ಎನ್ನುವುದು ಅದನ್ನು ತೀರ್ಮಾನಿಸುತ್ತದೆ.

ಉಂಗುರ ಬಿಗಿದಾಕ್ಷಣ ಕೋಶ ಎರಡಾಯಿತೆಂದುಕೊಂಡರೆ ಅದೂ ತಪ್ಪು. ಪ್ರಯೋಗಾಲಯದಲ್ಲಿ ಬೆಳೆಸಿದ ಮಾನವ ಕೋಶಗಳ ಚಿತ್ರಿಕೆಗಳನ್ನು ನೋಡುವುದೆಂದರೆ ನನಗೆ ತುಂಬ ಇಷ್ಟ. ಮರಿಕೋಶಗಳೆರಡೂ ಚಪ್ಪಟೆಯಾಗಿ ಹರಡಿ, ತಂತಮ್ಮ ದಾರಿ ಹಿಡಿದು ದೂರ ಸರಿಯುತ್ತಿರುತ್ತವೆ. ನಡುವೆ ಮಾತ್ರ ಸುಮಾರು ಒಂದು ಮೈಕ್ರಾನ್ ದಪ್ಪದ ಸೇತುವೆ ತಾಸುಗಟ್ಟಲೆ ಹಾಗೇ ಇರುತ್ತದೆ. ಅದರ ಮಧ್ಯದ ಗಂಟನ್ನು ಜರ್ಮನಿಯ ವಾಲ್ಟರ್ ಫ್ಲೆಮಿಂಗ್ 1891ರಲ್ಲೇ ವರ್ಣಿಸಿದ್ದರು. ಕೊನೆಯ ಕತ್ತರಿ ಆಡುವುದು ಆ ಗಂಟಿನ ಪಕ್ಕದಲ್ಲಿ. ಎಸ್ಕರ್ಟ್-3 ಎಂಬ ಪ್ರೋಟೀನುಗಳು ಪೊರೆಯ ಒಳಗೆ ಸುರುಳಿಯಾಗಿ ಸುತ್ತಿಕೊಂಡು ಅದನ್ನು ಕಿರಿದುಗೊಳಿಸಿ ತುಂಡರಿಸುತ್ತವೆ. 2007ರಲ್ಲಿ ಇದು ಬಯಲಾದಾಗ ಜೀವವಿಜ್ಞಾನಿಗಳು ಹುಬ್ಬೇರಿಸಿದರು. ಏಕೆಂದರೆ ನಮ್ಮ ಕೋಶದಿಂದ ಕಳಚಿಕೊಂಡು ಹೊರಬೀಳಲು ಎಚ್‌ಐವಿ ವೈರಸ್ ಬಳಸಿಕೊಳ್ಳುವುದೂ ಇದೇ ಕತ್ತರಿಯನ್ನು. ಸೇತುವೆಯೊಳಗೆ ವರ್ಣತಂತುವಿನ ತುಣುಕು ಸಿಕ್ಕಿಕೊಂಡಿದ್ದರೆ ಅರೋರಾ-ಬಿ ಎಂಬ ಕಿಣ್ವ ಕತ್ತರಿಯನ್ನು ತಡೆದು ನಿಲ್ಲಿಸುತ್ತದೆ.

ಕೆಲವೆಡೆ ದೇಹ ಈ ಸೇತುವೆಯನ್ನು ಕತ್ತರಿಸುವುದೇ ಇಲ್ಲ. ವೃಷಣದಲ್ಲಿ ವೀರ್ಯಾಣುವಾಗಲಿರುವ ಕೋಶಗಳು ವಿಭಜಿಸಿದ ಮೇಲೂ ಒಂದಕ್ಕೊಂದು ಅಂಟಿಕೊಂಡೇ ಬೆಳೆಯುತ್ತವೆ. ವೈ ವರ್ಣತಂತು ಪಡೆದ ಕೋಶಕ್ಕೆ ಎಕ್ಸ್‌ನಲ್ಲಿರುವ ವಂಶವಾಹಿಗಳ ಫಲ ದೊರೆಯುವುದು ಈ ಸೇತುವೆಗಳ ಮೂಲಕ. ಬೇರ್ಪಡುವುದು ಕೋಶ ವಿಭಜನೆಯ ಬಾಲವಲ್ಲ, ಕೋಶ ತಡೆಹಿಡಿಯಬಲ್ಲ ಸ್ವತಂತ್ರ ಕೆಲಸ. ಆದ್ದರಿಂದ ಮಗೂ, ಪರೀಕ್ಷೆಯಲ್ಲಿ ಆ ಒಂದು ಸಾಲನ್ನು ಬರೆ, ತರಗತಿಯಲ್ಲಿ ಮಾತ್ರ ಈ ಮೂರನೇ ಸೀಳಿನ ಬಗ್ಗೆ ಮೇಷ್ಟ್ರನ್ನು ಕೇಳದೆ ಬಿಡಬೇಡ.