ಇಬ್ಬರು ತಾಯಂದಿರ ನಡುವೆ ಬೆಳೆದ ಹುಡುಗಿಯರು

ಬ್ರಿಟಿಷ್ ಆಳ್ವಿಕೆಯ ಕೆರಿಬಿಯನ್ ದ್ವೀಪಗಳಲ್ಲಿ ಇಂಗ್ಲೆಂಡಿಗೆ ‘ಮಾತೃದೇಶ’ ಎಂಬ ಹೆಸರಿತ್ತು. ಗುಲಾಮರಾಗಿ ಆಫ್ರಿಕದಿಂದ ಬಂದವರ ಸಂತತಿಯ ಮಕ್ಕಳು ಎಂದೂ ಕಾಣದ ಆ ನಾಡಿನ ಚರಿತ್ರೆಯನ್ನೂ ಕಾವ್ಯವನ್ನೂ ಕಲಿಯಬೇಕಿತ್ತು. ಮನೆಯಲ್ಲೊಬ್ಬ ತಾಯಿ, ಶಾಲೆಯಲ್ಲಿ ಇನ್ನೊಬ್ಬಳು. ಇವರಿಬ್ಬರ ಹಿಡಿತದ ನಡುವೆ ತಾನು ಯಾರೆಂದು ಹುಡುಕಿಕೊಳ್ಳುವ ಹುಡುಗಿಯೇ ಅಲ್ಲಿನ ಲೇಖಕಿಯರ ಹಲವು ಕಾದಂಬರಿಗಳ ನಾಯಕಿ.

ಟ್ರಿನಿಡಾಡಿನ ಮರ್ಲ್ ಹಾಡ್ಜ್ ಅವರ ‘ಕ್ರಿಕ್ ಕ್ರ್ಯಾಕ್, ಮಂಕಿ’ (1970) ಇವುಗಳಲ್ಲಿ ಮೊದಮೊದಲಿನದು. ತಾಯಿ ತೀರಿಕೊಂಡು, ತಂದೆ ಇಂಗ್ಲೆಂಡಿಗೆ ಹೋದ ಮೇಲೆ ಟೀ ಎಂಬ ಹುಡುಗಿ ಬಾಯಿ ಜೋರಾದರೂ ಅಕ್ಕರೆಯ ಸೋದರತ್ತೆಯ ಬಳಿ ಬೆಳೆಯುತ್ತಾಳೆ. ಪುಸ್ತಕದ ಇಂಗ್ಲೆಂಡಿಗೆ ಮನಸೋತು, ‘ಹೆಲೆನ್’ ಎಂಬ ತನ್ನದೇ ಇನ್ನೊಂದು ರೂಪವನ್ನು ಕಲ್ಪಿಸಿಕೊಳ್ಳುತ್ತಾಳೆ. ಮುಂದೆ ವಿದ್ಯಾರ್ಥಿವೇತನ ಪಡೆದು, ತಾಯಿಯ ಕಡೆಯ ಬಿಯಾಟ್ರಿಸ್ ಮನೆಯಲ್ಲಿದ್ದು ಓದುತ್ತಾಳೆ. ಅಲ್ಲಿ ಬಿಳಿಯರ ನಡೆನುಡಿಗಷ್ಟೇ ಬೆಲೆ. ಸೋದರತ್ತೆ ಜಿಡ್ಡು ಹತ್ತಿದ ಪೊಟ್ಟಣಗಳಲ್ಲಿ ತಿಂಡಿ ಕಟ್ಟಿಕೊಂಡು ನೋಡಲು ಬಂದಾಗ ಟೀ ನಾಚಿಕೆಯಿಂದ ಕುಗ್ಗುತ್ತಾಳೆ. ಮೇಲಕ್ಕೆತ್ತಿದ ವಿದ್ಯೆಯೇ ತನ್ನವರನ್ನು ಕೀಳಾಗಿ ಕಾಣುವುದನ್ನೂ ಕಲಿಸಿದೆ.

ಆಂಟಿಗುವಾದ ಜಮೈಕಾ ಕಿಂಕೇಡ್ ಅವರ ‘ಆ್ಯನಿ ಜಾನ್’ (1985) ಕಾದಂಬರಿಯಲ್ಲಿ ಹೋರಾಟ ಹೆತ್ತ ತಾಯಿಯೊಡನೆ. ಒಂದೇ ಬಟ್ಟೆಯಲ್ಲಿ ಇಬ್ಬರಿಗೂ ಉಡುಪು ಹೊಲಿಸುತ್ತಿದ್ದ ತಾಯಿ, ಮಗಳು ಮೈನೆರೆಯುವ ಹೊತ್ತಿಗೆ ಅದನ್ನು ನಿಲ್ಲಿಸಿಬಿಡುತ್ತಾಳೆ. ಪ್ರೀತಿ ಹಗೆಯಾಗುತ್ತದೆ. ಶಾಲೆಯಲ್ಲೂ ಆ್ಯನಿ ಬಗ್ಗುವವಳಲ್ಲ. ಪಠ್ಯದಲ್ಲಿ ಸಂಕೋಲೆ ತೊಟ್ಟ ಕೊಲಂಬಸನ ಚಿತ್ರದಡಿ ಅಣಕದ ಮಾತು ಬರೆದುದಕ್ಕೆ ಅವಳಿಗೆ ಸಿಕ್ಕ ಶಿಕ್ಷೆ, ಮಿಲ್ಟನ್‌ನ ‘ಪ್ಯಾರಡೈಸ್ ಲಾಸ್ಟ್’ನ ಎರಡು ಭಾಗಗಳನ್ನು ನಕಲು ಮಾಡುವುದು.

ತಪ್ಪಿದರೆ ತೆರಬೇಕಾದ ಬೆಲೆಯೂ ದೊಡ್ಡದು. ಜೀ ಎಜೆಲ್ ಅವರ ‘ಬೆಕಾ ಲ್ಯಾಂಬ್’ (1982) ಬೆಲೀಜ್ ದೇಶದ ಕಥೆ. ಬೆಕಾಳ ಗೆಳತಿ ಟಾಯ್ಸಿ ಬಸುರಾದಾಗ ಕಾನ್ವೆಂಟ್ ಶಾಲೆ ಅವಳನ್ನು ಹೊರಹಾಕುತ್ತದೆ; ಗಂಡಿಗೆ ಶಿಕ್ಷೆಯಿಲ್ಲ. ಟಾಯ್ಸಿ ಬುದ್ಧಿ ಕೆಟ್ಟು ಸಾಯುತ್ತಾಳೆ. ಬೆಕಾ ಮಾತ್ರ ಪ್ರಬಂಧ ಸ್ಪರ್ಧೆಯಲ್ಲಿ ಗೆದ್ದು ಊರಲ್ಲೇ ನಿಲ್ಲುತ್ತಾಳೆ.

ಟೀ ಮತ್ತು ಆ್ಯನಿಗೆ ಕೊನೆಗೆ ಉಳಿಯುವುದು ಇಂಗ್ಲೆಂಡಿನ ದಾರಿಯೊಂದೇ. ಟೀ ತಂದೆಯಿದ್ದಲ್ಲಿಗೆ ಹೊರಟರೆ, ಹದಿನೇಳರ ಆ್ಯನಿ ನರ್ಸ್ ಆಗಲು ಹಡಗು ಹತ್ತುತ್ತಾಳೆ. ಆಂಟಿಗುವಾ, ಬೆಲೀಜ್ ಎರಡೂ 1981ರಲ್ಲಿ ಸ್ವತಂತ್ರವಾದವು. ಆದರೆ ಈ ಹುಡುಗಿಯರು ಬೆಳೆದದ್ದು ಅದಕ್ಕೂ ಮುಂಚೆ. ಒಬ್ಬ ತಾಯಿಯಿಂದ ಬಿಡಿಸಿಕೊಳ್ಳಲು ಅವರಿಗಿದ್ದ ಹಾದಿ ಇನ್ನೊಬ್ಬ ತಾಯಿಯ ಮನೆಬಾಗಿಲಿಗೇ ಹೋಗುತ್ತಿತ್ತು.