ಗ್ರೇಹೌಂಡ್ ನಾಯಿಯೂ ಮನೆಯ ಮೆಟ್ಟಿಲೂ

ಗ್ರೇಹೌಂಡ್ ಎಂಬ ಬೇಟೆನಾಯಿಯ ವೇಗವನ್ನು ಕುರಿತು ಕೇಳದವರು ವಿರಳ. ಬಯಲಿನಲ್ಲಿ ಅದು ಗಂಟೆಗೆ ೬೦ ಕಿಲೋಮೀಟರಿಗೂ ಮಿಗಿಲಾದ ವೇಗದಿಂದ ಓಡಬಲ್ಲುದು; ಅಲ್ಪದೂರದ ಓಟದಲ್ಲಿ ಅದಕ್ಕೆ ಸರಿಗಟ್ಟುವ ನಾಯಿಯ ಜಾತಿ ಮತ್ತೊಂದಿಲ್ಲ. ಆದರೆ ಪಂದ್ಯದ ಬದುಕನ್ನು ಮುಗಿಸಿ ಇಂಗ್ಲೆಂಡಿನ ಗೃಹಸ್ಥರೊಬ್ಬರ ಮನೆಯನ್ನು ಮೊದಲ ಸಲ ಹೊಕ್ಕ ಅದೇ ಗ್ರೇಹೌಂಡ್, ಮಹಡಿಗೆ ಹೋಗುವ ಹತ್ತು ಹನ್ನೆರಡು ಮೆಟ್ಟಿಲುಗಳ ಮುಂದೆ ನಡುಗುತ್ತ ನಿಂತುಬಿಡುತ್ತದೆ. ಅಡುಗೆಮನೆಯ ನುಣುಪು ನೆಲದ ಮೇಲೆ ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ಅದರ ಕಾಲುಗಳು ದಿಕ್ಕಿಗೊಂದಾಗಿ ಚೆದರುತ್ತವೆ. ಕಂಡವರು ನಗುವುದುಂಟು, ನಾಯಿ ದಡ್ಡದೆಂದು ಹೇಳುವುದೂ ಉಂಟು. ಈ ಎರಡೂ ಸರಿಯಲ್ಲವೆಂಬುದನ್ನು ತೋರಿಸಿ, ಇಂಥ ನಾಯಿಗೆ ನೆರವಾಗುವ ಕ್ರಮವನ್ನು ವಿವರಿಸುವುದು ಪ್ರಕೃತ ಲೇಖನದ ಉದ್ದೇಶ.

ಇತಿಹಾಸವನ್ನು ಬೋಧಿಸುವ ನಮಗೆ ನಾಯಿಯ ಕಾಲುಗಳ ಗೊಡವೆ ಏಕೆಂದು ವಾಚಕರು ಕೇಳಬಹುದು. ಗ್ರೇಹೌಂಡಿನ ಈ ಭಯ ಅದರ ಹುಟ್ಟುಗುಣವಲ್ಲ. ಮನುಷ್ಯರು ನಡೆಸಿದ ಒಂದು ಉದ್ಯಮದ ಫಲ. ಆ ಉದ್ಯಮ ಬೆಳೆದ ಬಗೆಯನ್ನು ತಿಳಿದರೆ ಭಯದ ಕಾರಣವೂ ಪರಿಹಾರವೂ ಒಟ್ಟಿಗೆ ಗೋಚರವಾಗುತ್ತವೆ.

ಮನೆಯಿಂದ ಕೊಟ್ಟಿಗೆಗೆ

ಕ್ರಿ.ಶ. ಎರಡನೆಯ ಶತಮಾನದಲ್ಲಿದ್ದ ಅರಿಯನ್ ಎಂಬ ಗ್ರೀಕ್ ಲೇಖಕನನ್ನು ನಮ್ಮ ವಿದ್ಯಾರ್ಥಿಗಳು ಬಲ್ಲರು. ಅಲೆಕ್ಸಾಂಡರನ ದಂಡಯಾತ್ರೆಯನ್ನೂ, ನಮ್ಮ ದೇಶವನ್ನು ಕುರಿತ 'ಇಂಡಿಕಾ' ಎಂಬ ಗ್ರಂಥವನ್ನೂ ಬರೆದವನು ಅವನೇ. ಅದೇ ಅರಿಯನ್ ಬೇಟೆಯನ್ನು ಕುರಿತೂ ಒಂದು ಗ್ರಂಥವನ್ನು ರಚಿಸಿದ್ದಾನೆ. ಮೂಗಿನಿಂದ ವಾಸನೆ ಹಿಡಿಯದೆ ಕಣ್ಣಿನಿಂದ ಕಂಡು ಅಟ್ಟಿಸಿಕೊಂಡು ಹೋಗುವ, ಗ್ರೇಹೌಂಡನ್ನೇ ಬಹಳವಾಗಿ ಹೋಲುವ ಕೆಲ್ಟರ ನಾಯಿಗಳ ವರ್ಣನೆ ಅದರಲ್ಲಿದೆ. ತಾನು ಸಾಕಿದ ಹೋರ್ಮೆ ಎಂಬ ಹೆಣ್ಣುನಾಯಿಯ ವಿಷಯವನ್ನು ಅವನು ಅಕ್ಕರೆಯಿಂದ ಹೇಳುತ್ತಾನೆ. ಇಂಥ ನಾಯಿಗೆ ಮೆತ್ತನೆಯ ಬೆಚ್ಚನೆಯ ಹಾಸಿಗೆ ಬೇಕು, ಮನುಷ್ಯನ ಜೊತೆಯಲ್ಲಿಯೇ ಮಲಗುವುದು ಎಲ್ಲಕ್ಕಿಂತ ಒಳ್ಳೆಯದು ಎಂಬುದು ಅವನ ಅಭಿಪ್ರಾಯ. ಈ ಬಗೆಯ ನಾಯಿ ಮನೆಯೊಳಗೆ ಬಾಳಲಾರದೆಂಬ ಮಾತಿಗೆ ಆಧಾರವಿಲ್ಲವೆಂಬುದು ಇದರಿಂದಲೇ ಸ್ಪಷ್ಟವಾಗುತ್ತದೆ.

ಹೀಗಿದ್ದ ನಾಯಿ ಮನೆಯಿಂದ ದೂರವಾದುದು ಹಂತಹಂತವಾಗಿ. ಮೊಲವನ್ನು ಅಟ್ಟಿಸುವ ಸ್ಪರ್ಧೆಗಾಗಿ ಇಂಗ್ಲೆಂಡಿನ ಸ್ವಾಫಮ್ ಎಂಬಲ್ಲಿ ೧೭೭೬ರಲ್ಲಿ ಒಂದು ಸಂಘವು ಸ್ಥಾಪಿತವಾಯಿತು. ೧೮೭೬ರಲ್ಲಿ ಲಂಡನ್ ಬಳಿಯ ಹೆಂಡನ್ನಿನಲ್ಲಿ ಜೀವಂತ ಮೊಲಕ್ಕೆ ಬದಲಾಗಿ ಯಂತ್ರದಿಂದ ಎಳೆಯುವ ಕೃತಕ ಮೊಲದ ಹಿಂದೆ ನಾಯಿಗಳನ್ನು ಓಡಿಸಿದರು. ಆ ಪ್ರಯೋಗ ಆಗ ಬೇರೂರಲಿಲ್ಲ. ಓವೆನ್ ಪ್ಯಾಟ್ರಿಕ್ ಸ್ಮಿತ್ ಎಂಬವನು ಕೃತಕ ಮೊಲವನ್ನು ಸುಧಾರಿಸಿ ೧೯೧೯ರಲ್ಲಿ ಕ್ಯಾಲಿಫೋರ್ನಿಯಾದ ಎಮರಿವಿಲ್ಲಿನಲ್ಲಿ ವರ್ತುಲಪಥದ ಮೇಲೆ ಪಂದ್ಯವನ್ನು ನಡೆಸಿದನು. ೧೯೨೬ರ ಜುಲೈ ೨೪ರಂದು ಮ್ಯಾಂಚೆಸ್ಟರಿನ ಬೆಲ್ ವ್ಯೂ ಕ್ರೀಡಾಂಗಣದಲ್ಲಿ ಅದು ಬ್ರಿಟನ್ನಿಗೂ ಬಂದಿತು. ಹಗಲೆಲ್ಲ ದುಡಿದ ಕಾರ್ಮಿಕರು ಸಂಜೆ ನಡೆದುಹೋಗಿ ನೋಡಬಹುದಾದ, ಅಲ್ಪ ಹಣವನ್ನು ಪಣವಾಗಿ ಒಡ್ಡಬಹುದಾದ ಈ ವಿನೋದ ಕೆಲವೇ ವರ್ಷಗಳಲ್ಲಿ ದೊಡ್ಡ ಉದ್ಯಮವಾಗಿ ಬೆಳೆಯಿತು.

ಉದ್ಯಮಕ್ಕೆ ಬೇಕಾದುದು ಓಡುವ ನಾಯಿಯೇ ಹೊರತು ಮನೆಯ ನಾಯಿಯಲ್ಲ. ಮರಿಗಳು ತೋಟದ ಬಯಲಿನಲ್ಲಿ ಬೆಳೆದು, ಅನಂತರ ಸಾಲುಸಾಲಾದ ಕೊಟ್ಟಿಗೆಗಳನ್ನು ಸೇರುತ್ತವೆ. ಕೊಟ್ಟಿಗೆಯಿಂದ ಬಂಡಿಗೆ, ಬಂಡಿಯಿಂದ ಮರಳುಹಾಸಿದ ಓಟದ ಪಥಕ್ಕೆ, ಮತ್ತೆ ಕೊಟ್ಟಿಗೆಗೆ: ಇಷ್ಟೇ ಅವುಗಳ ಲೋಕ. ಮಹಡಿಯ ಮೆಟ್ಟಿಲಾಗಲಿ, ಹೊಳಪು ಕೊಟ್ಟ ನೆಲವಾಗಲಿ, ಗಾಜಿನ ಬಾಗಿಲಾಗಲಿ ಅಲ್ಲಿ ಎದುರಾಗುವುದಿಲ್ಲ. ಎಳೆಯ ಮರಿ ಆಟವಾಡುತ್ತ ಕಲಿಯಬೇಕಾದ ಪಾಠ ಹೀಗೆ ತಪ್ಪಿಹೋಗುತ್ತದೆ. ಸಾಮಾನ್ಯವಾಗಿ ಮೂರರಿಂದ ಐದು ವರ್ಷದ ವಯಸ್ಸಿನೊಳಗೆ ಪಂದ್ಯದ ಬದುಕು ಮುಗಿಯುತ್ತದೆ. ಆಯುಸ್ಸಾದರೋ ಹತ್ತರಿಂದ ಹದಿಮೂರು ವರ್ಷ. ಅರ್ಧಕ್ಕಿಂತ ಹೆಚ್ಚಿನ ಬಾಳು ಮುಂದೆ ಉಳಿದಿರುವಾಗ ಎಲ್ಲಿಗೆ ಹೋಗಬೇಕು? ಇಂಥ ನಾಯಿಗಳಿಗೆ ಮನೆ ಹುಡುಕುವ ಸಂಸ್ಥೆಗಳು ಬ್ರಿಟನ್ನಿನಲ್ಲಿ ೧೯೭೦ರ ದಶಕದಿಂದ ಕೆಲಸ ಮಾಡುತ್ತ ಬಂದಿವೆ. ಅಮೆರಿಕದ ಫ್ಲಾರಿಡಾ ರಾಜ್ಯದ ಮತದಾರರು ೨೦೧೮ರಲ್ಲಿ ನೀಡಿದ ತೀರ್ಪಿನಿಂದ ಅಲ್ಲಿಯ ಪಂದ್ಯಗಳು ೨೦೨೦ರ ಅಂತ್ಯಕ್ಕೆ ನಿಂತುಹೋದುವು. ನ್ಯೂಜಿಲೆಂಡಿನ ಸರ್ಕಾರವೂ ಇವನ್ನು ಕೊನೆಗಾಣಿಸುವ ನಿರ್ಧಾರವನ್ನು ೨೦೨೪ರ ಡಿಸೆಂಬರಿನಲ್ಲಿ ಪ್ರಕಟಿಸಿತು. ಪಂದ್ಯದ ಬಯಲು ಮುಚ್ಚಿದಲ್ಲೆಲ್ಲ ಗೃಹಸ್ಥರ ಬಾಗಿಲು ತೆರೆಯಬೇಕಾಗುತ್ತದೆ.

ದೇಹದ ರಚನೆ

ಅನನುಭವದ ಜೊತೆಗೆ ದೇಹದ ರಚನೆಯೂ ತೊಡಕನ್ನು ಹೆಚ್ಚಿಸುತ್ತದೆ. ಸುಮಾರು ೩೦ ಕಿಲೋಗ್ರಾಂ ತೂಗುವ ಈ ಪ್ರಾಣಿಯ ಕಾಲುಗಳು ನೀಳ, ಎದೆ ಆಳ, ಮೈಯಲ್ಲಿ ಕೊಬ್ಬು ಅತ್ಯಲ್ಪ. ಓಡುವಾಗ ಬೆನ್ನು ಬಿಲ್ಲಿನಂತೆ ಬಾಗಿ ಚಾಚಿಕೊಳ್ಳುತ್ತದೆ. ಒಂದೊಂದು ನೆಗೆತದಲ್ಲಿಯೂ ಎರಡು ಸಲ ನಾಲ್ಕು ಕಾಲುಗಳೂ ನೆಲವನ್ನು ಬಿಟ್ಟಿರುತ್ತವೆ. ಮೆಟ್ಟಿಲು ಬೇಡುವುದು ಇದಕ್ಕೆ ತೀರ ವಿರುದ್ಧವಾದ ಚಲನೆಯನ್ನು. ಅಲ್ಲಿ ಒಂದೊಂದೇ ಕಾಲನ್ನು ಎತ್ತಿ, ಇಕ್ಕಟ್ಟಾದ ಅಂಚಿನ ಮೇಲೆ ಅಳೆದು ಇಡಬೇಕು. ಮುಂಗಾಲು ಮೇಲಿನ ಮೆಟ್ಟಿಲಿನಲ್ಲಿರುವಾಗ ಹಿಂಗಾಲು ಎರಡು ಮೂರು ಮೆಟ್ಟಿಲು ಕೆಳಗಿರುತ್ತದೆ. ಅದು ಎಲ್ಲಿದೆಯೆಂಬುದು ನಾಯಿಗೆ ಕಾಣುವುದೇ ಇಲ್ಲ. ಇಳಿಯುವಾಗ ಭಾರವೆಲ್ಲ ಮುಂಗಾಲಿಗೆ ಬೀಳುವುದರಿಂದ ಹತ್ತುವುದಕ್ಕಿಂತ ಇಳಿಯುವುದೇ ಕಠಿನ.

ನುಣುಪು ನೆಲದ ತೊಂದರೆ ಬೇರೆ ಬಗೆಯದು. ಮಣ್ಣಿನಲ್ಲಿ ಉಗುರು ಊರಿಕೊಂಡು ಹಿಡಿತವನ್ನು ಕೊಡುತ್ತದೆ. ಕಲ್ಲಿನ ಅಥವಾ ಹೊಳಪಿನ ಮರದ ನೆಲದಲ್ಲಿ ಉಗುರು ಊರಲಾರದು. ಉದ್ದವಾಗಿ ಬೆಳೆದಿದ್ದರೆ ಅಂಗಾಲಿನ ಮೆತ್ತೆಯನ್ನೂ ನೆಲಕ್ಕೆ ತಾಗಗೊಡದೆ ಎತ್ತಿಹಿಡಿಯುತ್ತದೆ. ಒಮ್ಮೆ ಜಾರಿದ ನಾಯಿ ಭಯದಿಂದ ಮೈಯನ್ನು ಬಿಗಿಹಿಡಿದು ಬೆರಳುಗಳನ್ನು ಸೆಟೆಸುತ್ತದೆ, ಸೆಟೆಸಿದಷ್ಟೂ ಜಾರುತ್ತದೆ. ಹೀಗೆ ಭಯದಿಂದ ಜಾರುವಿಕೆಯೂ ಜಾರುವಿಕೆಯಿಂದ ಭಯವೂ ಬೆಳೆಯುತ್ತ ಹೋಗಿ, ಕಡೆಗೆ ನಾಯಿ ಕೋಣೆಯ ನಡುವೆ ಕಲ್ಲಿನಂತೆ ನಿಂತುಬಿಡುತ್ತದೆ.

ಇವೆಲ್ಲಕ್ಕೂ ಮೊದಲು ನೋವಿದೆಯೇ ಎಂಬುದನ್ನು ಪಶುವೈದ್ಯರಿಂದ ಪರೀಕ್ಷಿಸಿಕೊಳ್ಳಬೇಕು. ಗ್ರೇಹೌಂಡುಗಳ ಅಂಗಾಲಿನಲ್ಲಿ ಆಣಿ ಏಳುವುದು ಸಾಮಾನ್ಯ. ಆಣಿಯಿರುವ ಕಾಲಿಗೆ ಗಟ್ಟಿನೆಲವೇ ಮುಳ್ಳು. ಪಂದ್ಯದ ಪಥದಲ್ಲಿ ಸದಾ ಎಡಕ್ಕೆ ತಿರುಗಿ ಓಡುವುದರಿಂದ ಬಲ ಹಿಂಗಾಲಿನ ಹರಡಿನ ಮೂಳೆ ಮುರಿಯುವುದುಂಟು. ಹಳೆಯ ಮುರಿತ ಮೆಟ್ಟಿಲಿನ ಮೇಲೆ ನೋಯಬಹುದು. ಮೂಳೆಯ ಕ್ಯಾನ್ಸರ್ ಈ ಜಾತಿಯಲ್ಲಿ ಹೆಚ್ಚಾಗಿ ಕಾಣುವುದರಿಂದ ದಿನಗಟ್ಟಲೆ ಉಳಿಯುವ ಕುಂಟನ್ನು ಅಲಕ್ಷ್ಯ ಮಾಡಬಾರದು. ನಿನ್ನೆಯವರೆಗೆ ಮೆಟ್ಟಿಲೇರುತ್ತಿದ್ದ ನಾಯಿ ಇಂದು ಒಲ್ಲೆನೆಂದರೆ ಅದನ್ನು ಹಟವೆಂದು ತಿಳಿಯದೆ ವ್ಯಾಧಿಯ ಸೂಚನೆಯೆಂದು ತಿಳಿಯುವುದು ವಿವೇಕ.

ನೆಲವನ್ನು ಹದಗೊಳಿಸುವುದು

ನೆಲದ ವಿಷಯದಲ್ಲಿ ನಾಯಿಗೆ ಪಾಠ ಹೇಳುವುದಕ್ಕಿಂತ ನೆಲವನ್ನೇ ಬದಲಿಸುವುದು ಮೇಲು. ಹಾಸಿಗೆಯಿಂದ ಊಟದ ತಟ್ಟೆಗೆ, ಅಲ್ಲಿಂದ ಹೊರಬಾಗಿಲಿಗೆ ನೆಲಹಾಸುಗಳನ್ನು ಎಡೆಬಿಡದೆ ಹಾಸಿ ಒಂದು ಹಾದಿಯನ್ನು ಮಾಡಬೇಕು. ಹಾಸಿನ ಅಡಿಯಲ್ಲಿ ರಬ್ಬರ್ ಇರಬೇಕಾದುದು ಅವಶ್ಯ. ಬರಿಯ ಜಮಖಾನೆ ತಾನೇ ಜಾರಿ ನಾಯಿಯನ್ನೂ ಕೆಡವುತ್ತದೆ. ನೆಲಕ್ಕೆ ಮೇಣದ ಹೊಳಪು ಕೊಡುವುದನ್ನು ನಿಲ್ಲಿಸಬೇಕು. ಒರಸಿದ ನೆಲ ಆರುವವರೆಗೆ ನಾಯಿಯನ್ನು ಬಿಡಬಾರದು. ಉಗುರುಗಳನ್ನು ಕ್ರಮವಾಗಿ ಕತ್ತರಿಸಿ, ಬೆರಳುಗಳ ನಡುವಿನ ಕೂದಲನ್ನೂ ಚಿಕ್ಕದು ಮಾಡಬೇಕು. ಕಾಲಿಗೆ ಬಟ್ಟೆಯ ಚೀಲ ತೊಡಿಸುವುದಾದರೆ ಅದರ ಅಡಿಯಲ್ಲಿ ರಬ್ಬರಿನ ಹಿಡಿತವಿರಬೇಕು.

ನಿಂತುಬಿಟ್ಟ ನಾಯಿಯನ್ನು ಕೊರಳಪಟ್ಟಿ ಹಿಡಿದು ಎಳೆಯುವುದು ತಪ್ಪು. ಎಳೆತಕ್ಕೆ ಅದು ಹಿಂದೆ ಸರಿದು ಜಾರಿ ಬೀಳುತ್ತದೆ. ಆ ಕೋಣೆಯೇ ಅದಕ್ಕೆ ಭಯದ ಸ್ಥಳವಾಗುತ್ತದೆ. ಹಾಸಿನ ಮೇಲೆಯೇ ತಿನಿಸನ್ನು ಇಟ್ಟು, ನಾವು ಪಕ್ಕದಲ್ಲಿ ಸುಮ್ಮನೆ ಕುಳಿತು, ಅದು ತಾನಾಗಿ ಹೆಜ್ಜೆಯಿಡುವವರೆಗೆ ಕಾಯಬೇಕು. ಧೈರ್ಯ ಬಂದಂತೆ ಹಾಸುಗಳ ನಡುವೆ ಗೇಣುದ್ದದ ತೆರಪನ್ನು ಬಿಡುತ್ತ ಹೋಗಬಹುದು. ಮುಪ್ಪಿನ ನಾಯಿಗಾದರೆ ಹಾಸುಗಳನ್ನು ತೆಗೆಯುವ ಯೋಚನೆಯೇ ಬೇಡ.

ಮೆಟ್ಟಿಲಿನ ಪಾಠ

ಪಾಠಕ್ಕೆ ನೇರವಾದ, ಅಗಲವಾದ, ಹಾಸು ಬಿಗಿದ ಮೆಟ್ಟಿಲುಗಳೇ ಉತ್ತಮ. ಹಿಂದೆ ಹಲಗೆಯಿಲ್ಲದೆ ಕೆಳಗಿನ ನೆಲ ಕಾಣುವ ಮೆಟ್ಟಿಲುಗಳಿಂದ ಪಾಠವನ್ನು ಆರಂಭಿಸಬಾರದು. ನಾಯಿಗೆ ಎದೆಪಟ್ಟಿಯನ್ನು ಕಟ್ಟಿ, ಗೋಡೆಯ ಮಗ್ಗುಲಿಗೆ ನಿಲ್ಲಿಸಿಕೊಳ್ಳಬೇಕು. ಇಬ್ಬರಿದ್ದರೆ ಅನುಕೂಲ: ಒಬ್ಬರು ಮೇಲಿನ ಮೆಟ್ಟಿಲಿನಲ್ಲಿ ತಿನಿಸು ಹಿಡಿದು ಕೂರುವುದು, ಮತ್ತೊಬ್ಬರು ಹಿಂದೆ ನಿಂತು ಬೀಳದಂತೆ ತಡೆಯುವುದು. ಮೊದಲು ಒಂದು ಮುಂಗಾಲನ್ನು ಕೈಯಿಂದ ಎತ್ತಿ ಮೊದಲ ಮೆಟ್ಟಿಲಿನ ಮೇಲಿಡಬೇಕು, ಅನಂತರ ಇನ್ನೊಂದನ್ನು. ಬಳಿಕ ಹಿಂಗಾಲುಗಳನ್ನು ಒಂದೊಂದಾಗಿ. ಪ್ರತಿ ಹೆಜ್ಜೆಗೂ ಮೆಚ್ಚುಗೆಯ ಮಾತೂ ಒಂದು ತುಣುಕು ತಿನಿಸೂ ಸಲ್ಲಬೇಕು. ಮೊದಲ ದಿನ ಎರಡು ಮೂರು ಮೆಟ್ಟಿಲೇ ಸಾಕು. ಐದು ನಿಮಿಷದ ಪಾಠವನ್ನು ದಿನಕ್ಕೆ ಎರಡು ಸಲ ಮಾಡುವುದು ಒಂದು ಗಂಟೆ ಹೆಣಗುವುದಕ್ಕಿಂತ ಫಲಕಾರಿ.

ಇಳಿಯುವುದನ್ನು ಕೆಳಗಿನ ತುದಿಯಿಂದಲೇ ಕಲಿಸಬೇಕು. ನಾಯಿಯನ್ನು ಮೊದಲ ಮೆಟ್ಟಿಲಿನ ಮೇಲೆ ನಿಲ್ಲಿಸಿ ನೆಲಕ್ಕೆ ಇಳಿಸುವುದು. ಅದು ಸುಲಭವಾದ ಮೇಲೆ ಎರಡನೆಯದರಿಂದ, ಆಮೇಲೆ ಮೂರನೆಯದರಿಂದ. ನಾವು ಅದಕ್ಕಿಂತ ಒಂದು ಮೆಟ್ಟಿಲು ಕೆಳಗೆ ಪಕ್ಕಕ್ಕೆ ನಿಂತಿದ್ದರೆ ಅದು ಒಮ್ಮೆಗೇ ಹಾರಲಾರದು. ಕಲಿಯುತ್ತಿರುವ ಗ್ರೇಹೌಂಡಿನ ದೊಡ್ಡ ಅಪಾಯವೆಂದರೆ ಈ ಹಾರುವಿಕೆ. ಮೇಲೆ ಸಿಕ್ಕಿಕೊಂಡ ನಾಯಿ ಒಂದೊಂದು ಮೆಟ್ಟಿಲನ್ನೂ ಎಣಿಸುವ ತಾಳ್ಮೆಯಿಲ್ಲದೆ ಇಡೀ ಸಾಲನ್ನೇ ನೆಗೆದು ಕಾಲು ಮುರಿದುಕೊಳ್ಳಬಹುದು. ಆದಕಾರಣ ಪಾಠ ಮುಗಿಯುವವರೆಗೆ ಮೆಟ್ಟಿಲಿನ ಮೇಲೂ ಕೆಳಗೂ ಅಡ್ಡಬಾಗಿಲನ್ನು ಹಾಕಿರಬೇಕು.

ಇಷ್ಟೆಲ್ಲ ಶ್ರಮ ಏಕೆ, ಎತ್ತಿಕೊಂಡು ಹೋದರಾಗದೇ ಎಂಬ ಪ್ರಶ್ನೆ ಏಳಬಹುದು. ೩೦ ಕಿಲೋಗ್ರಾಂ ಭಾರದ, ಕೈಯಲ್ಲಿ ಕೊಸರಾಡುವ ಪ್ರಾಣಿಯನ್ನು ದಿನವೂ ಹೊತ್ತರೆ ಇಬ್ಬರಿಗೂ ಅಪಾಯ. ಇದಕ್ಕಿಂತ ಮುಖ್ಯವಾದ ಸಂಗತಿ ಇನ್ನೊಂದಿದೆ. ಬ್ರಿಟನ್ನಿನ ಮನೆಗಳಲ್ಲಿ ಮಲಗುವ ಕೋಣೆಗಳು ಬಹುಮಟ್ಟಿಗೆ ಮಹಡಿಯ ಮೇಲಿರುತ್ತವೆ. ಹುಟ್ಟಿದಂದಿನಿಂದ ಹತ್ತಾರು ನಾಯಿಗಳ ಉಸಿರಿನ ನಡುವೆ ಮಲಗಿದ ಗ್ರೇಹೌಂಡ್ ಹೊಸ ಮನೆಯಲ್ಲಿ ರಾತ್ರಿ ಕೆಳಗೆ ಒಂಟಿಯಾಗುತ್ತದೆ. ಮೆಟ್ಟಿಲಿನ ಬುಡದಲ್ಲಿ ನಿಂತು ಅಳುತ್ತದೆ. ಮನೆಯವರು ನಿದ್ದೆಗೆಟ್ಟು ಬೇಸರಗೊಳ್ಳುತ್ತಾರೆ. ತಂದ ನಾಯಿಯನ್ನು ಹಿಂದಿರುಗಿಸುವ ಮಾತು ಹುಟ್ಟುವುದು ಇಂಥ ಸಂದರ್ಭದಲ್ಲಿಯೇ. ಹನ್ನೆರಡು ಮೆಟ್ಟಿಲು ಕೆಲವು ಸಲ ಒಂದು ಪ್ರಾಣಿಯ ಬಾಳಿನ ಗತಿಯನ್ನೇ ನಿರ್ಣಯಿಸುತ್ತವೆ. ಪಾಠ ಕೈಗೂಡುವವರೆಗೆ ಮನೆಯವರಲ್ಲಿ ಒಬ್ಬರು ಕೆಳಗೇ ಮಲಗುವುದು ಸರಳವಾದ ಉಪಾಯ. ಅರಿಯನ್ ಹೇಳಿದ ಮಾತೂ ಇದೇ ತಾನೆ.

ನಮ್ಮ ನಾಡಿನ ಮಾತು

ಈ ವಿಚಾರ ನಮಗೆ ದೂರದ್ದೆಂದು ತಿಳಿಯಬೇಕಾಗಿಲ್ಲ. ಬಾಗಲಕೋಟೆ ಜಿಲ್ಲೆಯ ಮುಧೋಳದ ನಾಯಿಯೂ ಕಣ್ಣಿನಿಂದ ಕಂಡು ಬೇಟೆಯಾಡುವ ವರ್ಗಕ್ಕೇ ಸೇರಿದ್ದು. ಅದೇ ನೀಳವಾದ ಕಾಲು, ಅದೇ ಆಳವಾದ ಎದೆ, ಅದೇ ಸೆಳಕಾದ ನಡು. ೨೦೦೫ರಲ್ಲಿ ಅಂಚೆ ಇಲಾಖೆ ಅದರ ಚಿತ್ರವುಳ್ಳ ಅಂಚೆಚೀಟಿಯನ್ನು ಹೊರಡಿಸಿತು. ಹೊಲದ ಮಣ್ಣಿನಲ್ಲಿಯೂ ರೈತರ ಅಂಗಳದಲ್ಲಿಯೂ ಬೆಳೆದ ಈ ನಾಯಿಯನ್ನು ಇಂದು ಬೆಂಗಳೂರಿನಂಥ ನಗರಗಳ ಬಹುಮಹಡಿ ಕಟ್ಟಡಗಳಿಗೂ ಕೊಂಡೊಯ್ಯುತ್ತಾರೆ. ಕನ್ನಡಿಯಂತೆ ಹೊಳೆಯುವ ಗ್ರಾನೈಟ್ ನೆಲವೂ ನುಣುಪುಗಲ್ಲಿನ ಮೆಟ್ಟಿಲೂ ಅದಕ್ಕೆ ಎದುರಾಗುತ್ತವೆ. ನಮ್ಮ ಕಲ್ಲುಮೆಟ್ಟಿಲುಗಳಿಗೆ ಹಾಸು ಬಿಗಿಯುವ ವಾಡಿಕೆಯಿಲ್ಲವಾದುದರಿಂದ ತೊಡಕು ಇನ್ನೂ ಹೆಚ್ಚು. ಅಂಚುಗಳಿಗೆ ಒರಟಾದ ರಬ್ಬರ್ ಪಟ್ಟಿಯನ್ನು ಅಂಟಿಸುವುದು, ನಡೆಯುವ ಹಾದಿಗೆ ಹಾಸು ಹಾಕುವುದು ಇಲ್ಲಿಗೂ ಸಲ್ಲುವ ಪರಿಹಾರಗಳು. ನಮ್ಮವರ ಮರಿಗಳಿಗೆ ಒಂದು ಅನುಕೂಲವಿದೆ: ಎಳೆಯದರಲ್ಲೇ ಮನೆಗೆ ಬಂದರೆ ತಪ್ಪಿಹೋದ ಪಾಠವನ್ನು ಆಗಲೇ ಕಲಿಸಬಹುದು.

ಕ್ರಿ.ಶ. ಹತ್ತನೆಯ ಶತಮಾನದ ಆತಕೂರಿನ ಶಾಸನವನ್ನು ಓದಿದವರಿಗೆ ಕಾಳಿ ಎಂಬ ಬೇಟೆನಾಯಿಯ ಕಥೆ ನೆನಪಿರುತ್ತದೆ. ಕಾಡುಹಂದಿಯೊಡನೆ ಕಾದಿ ಮಡಿದ ಆ ನಾಯಿಗೆ ಅದರ ಒಡೆಯನಾದ ಮಣಲೆರನು ಕಲ್ಲನ್ನು ನಿಲ್ಲಿಸಿ, ಪೂಜೆಗೆ ಭೂಮಿಯನ್ನು ಬಿಡಿಸಿದನು. ಕಾಳಿಯನ್ನು ಗ್ರೇಹೌಂಡೆಂದು ನಾವು ಹೇಳುತ್ತಿಲ್ಲ. ಮನುಷ್ಯನಿಗಾಗಿ ದುಡಿದ ನಾಯಿಗೆ ಮನುಷ್ಯನು ಋಣಿಯೆಂಬ ಭಾವನೆ ನಮ್ಮಲ್ಲಿ ಹೊಸದಲ್ಲವೆಂದಷ್ಟೇ ನಮ್ಮ ಅಭಿಪ್ರಾಯ. ಓಡಿ ದಣಿದ ಗ್ರೇಹೌಂಡ್ ಬೇಡುವ ಋಣಪರಿಹಾರವಾದರೋ ಬಲು ಅಲ್ಪ: ಒಂದಷ್ಟು ರಬ್ಬರ್ ಹಾಸು, ಕತ್ತರಿಸಿದ ಉಗುರು, ದಿನಕ್ಕೆ ಹತ್ತು ನಿಮಿಷದ ತಾಳ್ಮೆ. ಬಹುತೇಕ ನಾಯಿಗಳು ಕೆಲವು ದಿನಗಳಲ್ಲಿ, ಅಂಜುಬುರುಕವಾದವು ಕೆಲವು ವಾರಗಳಲ್ಲಿ ಮೆಟ್ಟಿಲೇರಲು ಕಲಿಯುತ್ತವೆ. ಕಲಿಯದೆ ಉಳಿದುದಕ್ಕೆ ಕೆಳಮನೆಯಲ್ಲಿಯೇ ಬೆಚ್ಚನೆಯ ಹಾಸಿಗೆಯನ್ನು ಹಾಕಿಕೊಟ್ಟರಾಯಿತು.