ಮೊದಲ ರೀಲಿನಲ್ಲೇ ಗೆದ್ದುಬಿಟ್ಟರೆ ಮುಂದೇನು?

ಯಶವಂತನಗರದಲ್ಲಿ ಸಂಡೂರು ಬಸ್ಸಿಗೆ ಕಾಯ್ತಾ ನಿಂತಿದ್ದೆ. ಅದಿರು ಲಾರಿಗಳ ಕೆಂಪು ಧೂಳಿನಲ್ಲಿ ನಾಲ್ಕು ಹುಡುಗರು ಮೊಬೈಲ್ ಹಿಡಿದು ಜಗಳಕ್ಕೆ ನಿಂತಿದ್ದರು. ಸಿನಿಮಾ ಜಗಳವೇ ಇರಬೇಕೆಂದು ಕಿವಿಗೊಟ್ಟೆ. ಅಲ್ಲ ಸ್ವಾಮಿ! ಅದೊಂದು ಆಟವಂತೆ. ಮಾಯಾರಾಜ್ಯದ ಕಥೆ, ಒಬ್ಬೊಬ್ಬ ಒಂದೊಂದು ಪಾತ್ರ ಕಟ್ಟಿಕೊಂಡು ಸರದಿಯಂತೆ ಬರೆದು ಮುಂದುವರಿಸಬೇಕು. ಅವರಲ್ಲೊಬ್ಬ ಮೊದಲ ದಿನವೇ ತನ್ನ ಪಾತ್ರಕ್ಕೆ ಸಾವೇ ಇಲ್ಲ, ಕಣ್ಣು ಬಿಟ್ಟರೆ ಸೈನ್ಯವೆಲ್ಲ ಬೂದಿ ಅಂತ ಬರೆದುಬಿಟ್ಟಿದ್ದ!

"ಅಣ್ಣಾ, ನೀವಾ ಹೇಳ್ರಿ, ಉಳಿದ ಮೂರು ಮಂದಿ ಏನ್ ಮಾಡಾಣ?" ಅಂದ ಒಬ್ಬ. ಆಟ ನಿಂತು ವಾರವಾಗಿತ್ತು. ಗೆಳೆತನವೂ ನಿಲ್ಲುವ ಹಂತದಲ್ಲಿತ್ತು.

"ಯಾಕ, ರಾಕಿ ಭಾಯ್ ಹಂಗಾ ಇಲ್ಲೇನು?" ಬೆಂಕಿಕಣ್ಣಿನವನ ವಾದ.

ಬಾಯಿ ಹಾಕದೆ ಇರಲಾಗಲಿಲ್ಲ. 'ಕೆ.ಜಿ.ಎಫ್.' ಮೊದಲ ಭಾಗವನ್ನು (2018) ನಾಲ್ಕು ಸಲ ನೋಡಿ ಶಿಳ್ಳೆ ಹೊಡೆದವನು ನಾನು. ಆದರೆ ಗಮನಿಸಿದಿರಾ ಮಿತ್ರರೇ? ಅಂಥ ರಾಕಿಯೂ ನರಾಚಿಯೊಳಗೆ ಕೂಲಿಗಳ ನಡುವೆ ಕೂಲಿಯಾಗಿ ತಲೆ ತಗ್ಗಿಸಿ ಇರ್ತಾನೆ. ದಾರಿ ತಿಳ್ಕೊಳ್ತಾನೆ, ಕಾವಲು ನೋಡ್ಕೊಳ್ತಾನೆ. ಆ ಕಾಯುವಿಕೆ ಇಲ್ಲದೆ ಗರುಡನ ತಲೆ ಉರುಳಿದ್ದರೆ ಟಾಕೀಸು ಹಾಗೆ ಹುಚ್ಚೇಳ್ತಿತ್ತೆ? ಎರಡನೇ ಭಾಗದಲ್ಲೂ (2022) ಪ್ರಶಾಂತ್ ನೀಲ್ ಅವನಿಗೆ ಅಧೀರನ ಗುಂಡು ತಿನ್ನಿಸಿದ್ದಾರೆ. ಇನ್ನು 'ದೊಡ್ಡಮ್ಮ' ಗನ್ನಿನ ದೃಶ್ಯ... ಕಣ್ಣಿಗೆ ಹಬ್ಬ, ಒಪ್ಪಿದೆ. ಎದೆ ಮಾತ್ರ ಡವಡವ ಅನ್ನಲಿಲ್ಲ. ಗೆಲ್ತಾನೆಂದು ಮೊದಲೇ ಗೊತ್ತಲ್ಲ!

ಗಿರೀಶ್ ಕಾರ್ನಾಡರ 'ಒಂದಾನೊಂದು ಕಾಲದಲ್ಲಿ' (1978) ನೋಡಿ. ಶಂಕರ್‌ನಾಗ್ ಗಂಡುಗಲಿಯಾದರೆ ಎದುರಿಗೆ ಸುಂದರಕೃಷ್ಣ ಅರಸರ ಪೆರ್ಮಾಡಿ. ಇವನೂ ಬಿಡ, ಅವನೂ ಬಿಡ. ಕೂತಲ್ಲಿ ಕೂರೋಕಾಗಲ್ಲ! ನಮ್ಮ ಅಣ್ಣಾವ್ರು 'ಕಾಮನಬಿಲ್ಲು' (1983) ಚಿತ್ರದಲ್ಲಿ ಯೋಗಾಸನ ಹಾಕಿದಾಗ ವಯಸ್ಸು ಐವತ್ತು ದಾಟಿತ್ತು. ಅದೇನು ಕ್ಯಾಮರಾದ ಕೈಚಳಕವೆ? ಗುರುವಿನ ಬಳಿ ಕಲಿತು ಬಗ್ಗಿಸಿದ ಮೈ ಅದು.

ಬೆಂಕಿಕಣ್ಣಿನವ ಸುಮ್ಮನಾದ. ಆಮೇಲೆ ಮೆಲ್ಲಗೆ, "ಅಣ್ಣಾ, ಪಿಯುಸಿ ಬಿಟ್ಟು ಬೆಂಗಳೂರಿಗೆ ಹೋದ್ರ ಹೀರೋ ಆಗಬಹುದಾ?" ಅಂದ.

ಧಸಕ್ಕೆಂದಿತು ನನಗೆ. ಪಿಯುಸಿ ಬಿಟ್ಟು, ಒಂದೇ ಲೇಖನಕ್ಕೆ ನಾಡೆಲ್ಲ ತಿರುಗಿ ನೋಡ್ತದೆ ಅಂದುಕೊಂಡ ಭೂಪ ನಾನೇ! ಹತ್ತು ವರ್ಷವಾಯ್ತು, ಇನ್ನೂ ಇದೇ ಬಸ್ಸಿಗೆ ಕಾಯ್ತಿದ್ದೀನಿ. ಬುದ್ಧಿ ಹೇಳುವ ಯೋಗ್ಯತೆ ನನಗೆಲ್ಲಿಯದು? ಯಶ್ ಲೆಕ್ಕ ಒಪ್ಪಿಸಿದೆ. ಬಸ್ ಡ್ರೈವರ್ ಮಗ. ಮೊದಲು 'ಬೆನಕ' ನಾಟಕ ತಂಡದಲ್ಲಿ ರಂಗದ ಹಿಂದಿನ ಕೆಲಸ. ಆಮೇಲೆ 'ನಂದಗೋಕುಲ' ಧಾರಾವಾಹಿ. 2008ರಲ್ಲಿ 'ಮೊಗ್ಗಿನ ಮನಸು'. ಅದೇ ವರ್ಷ 'ರಾಕಿ' ಅಂತಲೇ ಒಂದು ಚಿತ್ರ ಬಂದಿತ್ತು. ನೋಡಿದ್ದೀಯಾ?

"ಇಲ್ಲಣ್ಣ. ಹೆಸರಾ ಕೇಳಿಲ್ಲ."

"ಆ ರಾಕಿಯಿಂದ ಈ ರಾಕಿಗೆ ಹತ್ತು ವರ್ಷ ಕಣಪ್ಪ."

ಬಸ್ಸು ಬಂತು. ಮೆಟ್ಟಿಲು ಹತ್ತುವಾಗ ಹಿಂದಿನಿಂದ ಅವನ ದನಿ: "ಲೇ, ನನ್ನ ಪಾತ್ರ ಬದಲಿಸ್ತೀನಿ ತಡೀರಿ. ರಾಜನ ಲಾಯದಾಗ ಕುದ್ರಿ ತೊಳೆಯೋನು. ಕುದ್ರಿ ಹತ್ತಾಕ ಇನ್ನೂ ಬರಲ್ಲ ಅಂತ ಬರ್ಕಳ್ರಿ."